ಎಪಿಡಾವ್ರೋಸ್ ನೋಡುವ ಕ್ರಮ: ಮೊದಲು ಆರೋಗ್ಯಧಾಮ, ಆಮೇಲೆ ರಂಗಮಂದಿರ

ಅಥೆನ್ಸ್‌ನಿಂದ ಹೊರಡುವ ಒಂದು ದಿನದ ಬಸ್ ಟೂರ್‌ಗಳಲ್ಲಿ ಎಪಿಡಾವ್ರೋಸ್ ಎಂಬ ಪುರಾತನ ಗ್ರೀಕ್ ಕ್ಷೇತ್ರಕ್ಕೆ ಸಿಗುವುದು ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆ. ಗೈಡ್ ಎಲ್ಲರನ್ನೂ ಸೀದಾ ರಂಗಮಂದಿರಕ್ಕೆ ಕರೆದೊಯ್ಯುತ್ತಾರೆ. ನಡುವೆ ನಿಂತು ಚಪ್ಪಾಳೆ ತಟ್ಟುತ್ತಾರೆ, ಒಂದು ನಾಣ್ಯ ಬೀಳಿಸುತ್ತಾರೆ. ಜನ ಮೆಟ್ಟಿಲು ಹತ್ತಿ ಫೋಟೋ ತೆಗೆದುಕೊಂಡು ಬಸ್ಸಿಗೆ ವಾಪಸ್. ಇನ್ನೂರು ಮುನ್ನೂರು ಹೆಜ್ಜೆ ಆಚೆಗೆ ಮರಗಳ ಹಿಂದೆ ಒಂದು ಇಡೀ ಆರೋಗ್ಯಧಾಮ ಬಿದ್ದಿದೆ ಅನ್ನುವುದು ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ.

ಈ ರಂಗಮಂದಿರ ಕಟ್ಟಿದ್ದೇ ಆ ಆರೋಗ್ಯಧಾಮಕ್ಕಾಗಿ. ಇಲ್ಲಿ ದೊಡ್ಡ ಊರೇನೂ ಇರಲಿಲ್ಲ. ಕಾಯಿಲೆಯವರು, ಅವರ ಜೊತೆ ಬಂದವರು, ಹಬ್ಬಕ್ಕೆ ಬಂದವರು ಕೂತು ನಾಟಕ, ಹಾಡು ಕೇಳಿದ ಜಾಗ ಇದು. ಹಾಗಾಗಿ ನನ್ನ ಸಲಹೆ ಒಂದೇ: ಕಾಯಿಲೆಯವರು ಬಂದ ದಾರಿಯಲ್ಲೇ ನೀವೂ ಬನ್ನಿ, ರಂಗಮಂದಿರವನ್ನು ಕೊನೆಗೆ ಇಟ್ಟುಕೊಳ್ಳಿ.

ಹಂತ 1: ಯಾವ ಎಪಿಡಾವ್ರೋಸ್ ಅಂತ ಖಚಿತ ಮಾಡಿಕೊಳ್ಳಿ

ಇಂಗ್ಲಿಷ್ ಪುಸ್ತಕಗಳಲ್ಲಿ ಎಪಿಡಾರಸ್ ಅಂತ ಓದಿರುತ್ತೀರಿ, ಅದೇ ಇದು. ಆದರೆ ಮ್ಯಾಪ್‌ನಲ್ಲಿ ಸುಮ್ನೆ ಈ ಹೆಸರು ಹಾಕಿದರೆ ಮೋಸ ಹೋಗುತ್ತೀರಿ. ಆರ್ಖೆಯಾ ಎಪಿಡಾವ್ರೋಸ್ ಅನ್ನುವುದು ಸಮುದ್ರದ ಪಕ್ಕದ ಊರು. ಅಲ್ಲೂ ಒಂದು ಪುರಾತನ ರಂಗಮಂದಿರವಿದೆ, ಆದರೆ ಚಿಕ್ಕದು. ನೇಯಾ ಎಪಿಡಾವ್ರೋಸ್ ಇನ್ನೊಂದು ಊರು. ನಿಮಗೆ ಬೇಕಾದದ್ದು ಇವೆರಡೂ ಅಲ್ಲ. ಒಳನಾಡಿನಲ್ಲಿ, ಲಿಗೂರಿಯೊ ಅನ್ನುವ ಊರಿನ ಹತ್ತಿರ ಇರುವ ಅಸ್ಕ್ಲೆಪಿಯೋಸ್ ದೇವರ ಕ್ಷೇತ್ರ. ಮ್ಯಾಪ್‌ನಲ್ಲಿ ಅಸ್ಕ್ಲೆಪಿಯೋಸ್ ಹೆಸರು ಸೇರಿಸಿ ಹುಡುಕಿ. ಬಸ್ ಹತ್ತುವಾಗಲೂ ಡ್ರೈವರ್ ಹತ್ತಿರ "ರಂಗಮಂದಿರಕ್ಕಾ?" ಅಂತ ಒಮ್ಮೆ ಕೇಳಿ. ಗ್ರೀಕ್‌ನಲ್ಲಿ ಅದು ಥೇಯಾತ್ರೊ.

ಅಥೆನ್ಸ್‌ನಿಂದ ರಸ್ತೆಯಲ್ಲಿ ಸುಮಾರು 150 ಕಿಲೋಮೀಟರ್. ಕೊರಿಂತ್ ಕಾಲುವೆ ದಾಟಿ ಪೆಲೊಪೊನೀಸ್ ಎಂಬ ದಕ್ಷಿಣದ ಪರ್ಯಾಯದ್ವೀಪಕ್ಕೆ ಇಳಿಯಬೇಕು. ಕಾರಿನಲ್ಲಿ ಎರಡು, ಎರಡೂವರೆ ಗಂಟೆ. ಅಥೆನ್ಸ್‌ನ ಕಿಫಿಸೊಸ್ ಬಸ್ ನಿಲ್ದಾಣದಿಂದ ಕೆಟೆಲ್ (KTEL) ಎಂಬ ಊರಿಂದೂರಿಗೆ ಓಡುವ ಬಸ್ಸುಗಳು ಈ ಕಡೆಗೆ ಹೋಗುತ್ತವೆ, ಆದರೆ ಜಾಸ್ತಿ ಇಲ್ಲ. ನನ್ನನ್ನು ಕೇಳಿದರೆ ನಾಫ್ಪ್ಲಿಯೊದಲ್ಲಿ ಒಂದು ರಾತ್ರಿ ತಂಗಿ. ಚೆಂದದ ಊರು, ಇಲ್ಲಿಂದ 30 ಕಿಲೋಮೀಟರ್ ಒಳಗೆ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ತಲುಪಬಹುದು. ಅಥೆನ್ಸ್‌ನ ಬಸ್ಸುಗಳು ಬಂದು ಸೇರುವ ಹೊತ್ತಿಗೆ ನಿಮ್ಮ ಅರ್ಧ ಕೆಲಸ ಮುಗಿದಿರುತ್ತದೆ.

ಹಂತ 2: ಟೂರ್ ಆರಿಸುವಾಗ ಇದನ್ನು ಕೇಳಿ

ಬಸ್ ಟೂರ್‌ಗಳು ಸಾಮಾನ್ಯವಾಗಿ ಕೊರಿಂತ್ ಕಾಲುವೆ, ಮೈಸೀನಿ ಎಂಬ ಪುರಾತನ ಕೋಟೆ, ನಾಫ್ಪ್ಲಿಯೊ, ಎಪಿಡಾವ್ರೋಸ್ ನಾಲ್ಕನ್ನೂ ಒಂದೇ ದಿನಕ್ಕೆ ತುರುಕುತ್ತವೆ. ದುಡ್ಡು ಕೊಡುವ ಮೊದಲು ಮೂರು ವಿಷಯ ಕೇಳಿ. ಎಪಿಡಾವ್ರೋಸ್‌ನಲ್ಲಿ ಎಷ್ಟು ಹೊತ್ತು ನಿಲ್ಲುತ್ತೀರಿ? ಗೈಡ್ ಆರೋಗ್ಯಧಾಮದ ಕಡೆಗೂ ಬರುತ್ತಾರಾ, ಇಲ್ಲಾ ರಂಗಮಂದಿರ ಮಾತ್ರಾನಾ? ಪ್ರವೇಶದ ಟಿಕೆಟ್ ಟೂರ್ ದುಡ್ಡಿನಲ್ಲಿ ಸೇರಿದೆಯಾ? ಕೊನೆಯದನ್ನು ಕೇಳದೆ ಬಿಟ್ಟವರು ಗೇಟಿನಲ್ಲಿ ಇನ್ನೊಮ್ಮೆ ಪರ್ಸ್ ತೆಗೆಯುತ್ತಾರೆ.

ನಾಲ್ಕೈದು ಜನ ಇದ್ದರೆ ಖಾಸಗಿ ಗೈಡ್ ಮಾಡಿಕೊಳ್ಳುವುದೇ ಒಳ್ಳೆಯದು. ಗ್ರೀಸ್‌ನಲ್ಲಿ ಪುರಾತತ್ವ ಸ್ಥಳಗಳ ಒಳಗೆ ವಿವರಣೆ ಕೊಡಲು ಸರ್ಕಾರದ ಲೈಸೆನ್ಸ್ ಬೇಕು. ಲೈಸೆನ್ಸ್ ಇರುವವರ ಹತ್ತಿರ ಗುರುತಿನ ಚೀಟಿ ಇರುತ್ತದೆ. ಕಾರು ಓಡಿಸಿಕೊಂಡು ಬಂದ ಡ್ರೈವರ್ ಎಷ್ಟೇ ತಿಳಿದವರಾಗಿದ್ದರೂ ಒಳಗೆ ಬಂದು ವಿವರಿಸುವ ಹಾಗಿಲ್ಲ. "ಡ್ರೈವರೇ ಎಲ್ಲಾ ತೋರಿಸ್ತಾರೆ" ಅನ್ನುವ ಪ್ಯಾಕೇಜ್‌ಗಳ ಬಗ್ಗೆ ಹುಷಾರು. ಗೈಡ್‌ಗೆ ಮೊದಲೇ ಹೇಳಿಬಿಡಿ: ನಮಗೆ ಮೂರು ಗಂಟೆ ಬೇಕು, ಆರೋಗ್ಯಧಾಮದಿಂದ ಶುರು ಮಾಡೋಣ. ಒಳ್ಳೆಯ ಗೈಡ್‌ಗಳಿಗೆ ಇದು ಖುಷಿಯ ವಿಷಯ. ದಿನವೂ ಅದೇ ನಾಣ್ಯ ಬೀಳಿಸಿ ಅವರಿಗೂ ಬೇಜಾರಾಗಿರುತ್ತದೆ, ಅಲ್ವಾ?

ಟಿಕೆಟ್ ದರ ಮತ್ತು ಸಮಯ ಬೇಸಿಗೆಗೊಂದು, ಚಳಿಗಾಲಕ್ಕೊಂದು ಬದಲಾಗುತ್ತವೆ. ಗ್ರೀಸ್ ಸಂಸ್ಕೃತಿ ಇಲಾಖೆಯ ಅಧಿಕೃತ ಟಿಕೆಟ್ ತಾಣದಲ್ಲೇ ನೋಡಿ. ಒಂದೇ ಟಿಕೆಟ್‌ನಲ್ಲಿ ರಂಗಮಂದಿರ, ಮ್ಯೂಸಿಯಂ, ಆರೋಗ್ಯಧಾಮ ಮೂರೂ ಬರುತ್ತವೆ. ತಿಂಗಳು ಆರಿಸುವ ಹಾಗಿದ್ದರೆ ಏಪ್ರಿಲ್, ಮೇ ಅಥವಾ ಅಕ್ಟೋಬರ್. ಜುಲೈ, ಆಗಸ್ಟ್‌ನಲ್ಲಿ ಬಿಸಿಲು ಕೆಂಡ. ಬಿಸಿಗಾಳಿಯ ದಿನಗಳಲ್ಲಿ ಇಂಥ ಸ್ಥಳಗಳನ್ನು ಮಧ್ಯಾಹ್ನ ಮುಚ್ಚುವುದೂ ಉಂಟು. ರಂಗಮಂದಿರದ ಸುತ್ತ ಮರಗಳ ನೆರಳಿದೆ, ಆರೋಗ್ಯಧಾಮದ ಕಡೆ ಬಯಲು. ಟೋಪಿ, ನೀರು, ಹಿಡಿತವಿರುವ ಶೂ ಕಡ್ಡಾಯ ಅಂತಲೇ ತಿಳಿಯಿರಿ.

ಹಂತ 3: ಹೋಗುವ ಮೊದಲು ಇಷ್ಟು ಕಥೆ ತಲೆಯಲ್ಲಿರಲಿ

ಅಸ್ಕ್ಲೆಪಿಯೋಸ್ ವೈದ್ಯದೇವರು. ಅಪೊಲೊ ದೇವರಿಗೂ ಕೊರೊನಿಸ್ ಎಂಬ ಹೆಣ್ಣಿಗೂ ಹುಟ್ಟಿದ ಮಗ. ಕೈಯಲ್ಲಿ ಕೋಲು, ಕೋಲಿಗೆ ಸುತ್ತಿಕೊಂಡ ಒಂದೇ ಒಂದು ಹಾವು. ಇವತ್ತಿಗೂ ವೈದ್ಯರ ಗುರುತಾಗಿ ಬಳಕೆಯಲ್ಲಿರುವುದು ಇದೇ. ಎರಡು ಹಾವು, ರೆಕ್ಕೆ ಇರುವ ಕೋಲು ಬೇರೆ ದೇವರದು. ಅವನು ಹರ್ಮಿಸ್, ವ್ಯಾಪಾರದ ಮತ್ತು ದೂತರ ದೇವರು. ಅದನ್ನೂ ಆಸ್ಪತ್ರೆಗಳ ಬೋರ್ಡಿನ ಮೇಲೆ ಹಾಕುವವರಿದ್ದಾರೆ, ಇರಲಿ ಬಿಡಿ.

ಪಕ್ಕದ ಕಿನೋರ್ಟಿಯೋನ್ ಗುಡ್ಡದ ಮೇಲೆ ಅಪೊಲೊ ಮಲೇಯಾಟಸ್ ಗುಡಿ ಮೊದಲಿನಿಂದಲೂ ಇತ್ತು. ಕ್ರಿ.ಪೂ. 6ನೇ ಶತಮಾನದ ಹೊತ್ತಿಗೆ ಕೆಳಗಿನ ಬಯಲಿನಲ್ಲಿ ಮಗ ಅಸ್ಕ್ಲೆಪಿಯೋಸ್‌ನ ಪೂಜೆ ಬೆಳೆಯಿತು. ಕ್ರಿ.ಪೂ. 4ನೇ ಶತಮಾನದಲ್ಲಿ ದುಡ್ಡು ಹರಿದು ಬಂತು, ಈಗ ನೋಡುವ ದೊಡ್ಡ ಕಟ್ಟಡಗಳೆಲ್ಲ ಎದ್ದವು. ಕ್ರಿ.ಪೂ. 86ರಲ್ಲಿ ರೋಮನ್ ಸೇನಾಪತಿ ಸುಲ್ಲಾ ತನ್ನ ಸೈನ್ಯದ ಖರ್ಚಿಗೆ ಇಲ್ಲಿನ ಸಂಪತ್ತನ್ನು ದೋಚಿದ. ಕ್ರಿ.ಶ. 2ನೇ ಶತಮಾನದಲ್ಲಿ ಆಂಟೊನಿನಸ್ ಎಂಬ ರೋಮನ್ ಸೆನೆಟರ್ ಮತ್ತೆ ಕಟ್ಟಿಸಿಕೊಟ್ಟ. ಆಮೇಲೆ ಕ್ರೈಸ್ತ ಧರ್ಮ ಬಂದು ಹಳೆಯ ಪೂಜೆಗಳು ನಿಂತವು. ಮಣ್ಣಿನಡಿ ಹೋಗಿದ್ದನ್ನು 1881ರಿಂದ ಪನಯೋಟಿಸ್ ಕವ್ವಾಡಿಯಾಸ್ ಎಂಬ ಪುರಾತತ್ವಜ್ಞರು ಅಗೆದು ತೆಗೆದರು. 1988ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು.

ಹಂತ 4: ಒಳಗೆ ಹೋದ ಕೂಡಲೇ ಹಿಂದಿನ ತುದಿಗೆ ನಡೆಯಿರಿ

ಈಗಿನ ಗೇಟು ಇರುವುದು ರಂಗಮಂದಿರದ ಕಡೆ. ಹಿಂದಿನ ಕಾಲದ ಹೆಬ್ಬಾಗಿಲು ಅದರ ವಿರುದ್ಧ ದಿಕ್ಕಿನಲ್ಲಿ, ಉತ್ತರಕ್ಕೆ. ಅಂದರೆ ನಾವು ಹಿಂಬಾಗಿಲಿನಿಂದ ನುಗ್ಗುತ್ತಿದ್ದೇವೆ. ಅದಕ್ಕೇ ಎಲ್ಲ ತಲೆಕೆಳಗಾಗಿ ಕಾಣುತ್ತದೆ. ರಂಗಮಂದಿರದತ್ತ ತಿರುಗದೆ, ಮ್ಯೂಸಿಯಂ ದಾಟಿ, ಅವಶೇಷಗಳ ನಡುವಿನ ದಾರಿಯಲ್ಲಿ ಉತ್ತರದ ತುದಿಯವರೆಗೂ ಹೋಗಿ. ದಾರಿಯಲ್ಲಿ ಸಿಕ್ಕಿದ್ದನ್ನು ನೋಡುತ್ತಾ ನಿಲ್ಲಬೇಡಿ. ವಾಪಸ್ ಬರುವಾಗ ನೋಡಿದರಾಯಿತು.

ತುದಿಯಲ್ಲಿ ಸಿಗುವುದು ಪ್ರೊಪಿಲೇಯಾ, ಅಂದರೆ ಹೆಬ್ಬಾಗಿಲು. ಈಗ ಅಡಿಪಾಯ, ಇಳಿಜಾರಿನ ಕಲ್ಲುಹಾಸು ಮಾತ್ರ ಉಳಿದಿದೆ. ಸಮುದ್ರದ ಕಡೆಯಿಂದ ನಡೆದು, ಗಾಡಿಯಲ್ಲಿ, ಯಾರದೋ ಹೆಗಲ ಮೇಲೆ ಬಂದ ರೋಗಿಗಳು ಇಲ್ಲಿಂದ ಒಳಗೆ ಬರುತ್ತಿದ್ದರು. ಒಳಗೆ ಬರುವವರು ಶುದ್ಧರಾಗಿರಬೇಕು, ಶುದ್ಧಿ ಅಂದರೆ ಒಳ್ಳೆಯ ಯೋಚನೆ ಅಂತ ಗುಡಿಯಲ್ಲಿ ಬರೆದಿತ್ತೆಂದು ಹಳೆಯ ಲೇಖಕರು ದಾಖಲಿಸಿದ್ದಾರೆ. ಇನ್ನೊಂದು ಕಟ್ಟುಪಾಡು ಇತ್ತು: ಈ ಎಲ್ಲೆಯೊಳಗೆ ಯಾರೂ ಹುಟ್ಟುವ ಹಾಗಿಲ್ಲ, ಯಾರೂ ಸಾಯುವ ಹಾಗಿಲ್ಲ. ದಿನ ತುಂಬಿದ ಬಸುರಿಯರಿಗೂ ಸಾಯುವ ಸ್ಥಿತಿಯಲ್ಲಿದ್ದವರಿಗೂ ಒಳಗೆ ಜಾಗವಿಲ್ಲ. ಅಂಥವರಿಗಾಗಿ ಎಲ್ಲೆಯ ಆಚೆ ಒಂದು ಮನೆ ಕಟ್ಟಿಸಿದವನು ಮೇಲೆ ಹೇಳಿದ ಆಂಟೊನಿನಸ್. ಅಲ್ಲಿಯವರೆಗೂ ನೂರಾರು ವರ್ಷ ಅವರು ಬಯಲಿನಲ್ಲೇ ಇದ್ದರು.

ಹಂತ 5: ಗುಡಿ ಮತ್ತು ಥೋಲೋಸ್

ಅಲ್ಲಿಂದ ದಕ್ಷಿಣಕ್ಕೆ ನಡೆದು ಬಂದರೆ ಅಸ್ಕ್ಲೆಪಿಯೋಸ್ ಗುಡಿ. ಸುಮಾರು 24 ಮೀಟರ್ ಉದ್ದ, ಅಷ್ಟೇ. ಗ್ರೀಕ್ ಗುಡಿಗಳ ಲೆಕ್ಕದಲ್ಲಿ ಚಿಕ್ಕದು. ಒಳಗೆ ದಂತ ಮತ್ತು ಚಿನ್ನದ ವಿಗ್ರಹ ಇತ್ತು, ಮಾಡಿದವನು ಪಾರೋಸ್ ದ್ವೀಪದ ಥ್ರಸಿಮೀಡಿಸ್. ದೇವರು ಸಿಂಹಾಸನದ ಮೇಲೆ ಕೂತಿದ್ದ, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಹಾವಿನ ತಲೆಯ ಮೇಲೆ, ಪಕ್ಕದಲ್ಲಿ ಮಲಗಿದ ನಾಯಿ. ಈಗ ಅದರ ಒಂದು ಚೂರೂ ಇಲ್ಲ. ಆದರೆ ಕಟ್ಟಿಸಿದ ಖರ್ಚಿನ ಲೆಕ್ಕ ಕಲ್ಲಿನ ಮೇಲೆ ಉಳಿದಿದೆ. ಥಿಯೊಡೋಟೋಸ್ ಎಂಬ ವಾಸ್ತುಶಿಲ್ಪಿಗೆ ವರ್ಷಕ್ಕೆ 353 ದ್ರಾಕ್ಮಾ (ಆಗಿನ ಗ್ರೀಕ್ ಬೆಳ್ಳಿ ನಾಣ್ಯ), ಅಂದರೆ ಹೆಚ್ಚುಕಡಿಮೆ ದಿನಕ್ಕೆ ಒಂದು. ಯಾರಿಗೆ ಎಷ್ಟು ಕೊಟ್ಟೆವು ಅಂತ ಎಲ್ಲರೂ ಓದುವ ಹಾಗೆ ಕಲ್ಲಿನಲ್ಲಿ ಕೆತ್ತಿಸಿಟ್ಟಿದ್ದರು. ಈ ಪದ್ಧತಿ ನನಗೆ ವಿಗ್ರಹಕ್ಕಿಂತ ಇಷ್ಟ.

ಪಕ್ಕದಲ್ಲೇ ಥೋಲೋಸ್ ಎಂಬ ದುಂಡನೆಯ ಕಟ್ಟಡ. ಹೊರಗೆ 26 ಕಂಬ, ಒಳಗೆ 14 ಕಂಬ. ಕೆಲವು ಕಂಬಗಳನ್ನು ಮತ್ತೆ ನಿಲ್ಲಿಸಿದ್ದಾರೆ. ನೋಡಬೇಕಾದ್ದು ಕೆಳಗೆ. ನೆಲದಡಿಯಲ್ಲಿ ಒಂದರೊಳಗೊಂದು ದುಂಡು ಗೋಡೆಗಳಿವೆ. ಒಳಗಿನ ಗೋಡೆಗಳಲ್ಲಿ ಅಲ್ಲಲ್ಲಿ ಬಾಗಿಲು ಬಿಟ್ಟು, ಅಲ್ಲಲ್ಲಿ ಅಡ್ಡ ಕಟ್ಟಿ, ಸುತ್ತಿ ಬಳಸಿ ಹೋಗುವ ದಾರಿ ಮಾಡಿದ್ದಾರೆ. ಯಾಕೆ? ಪವಿತ್ರ ಹಾವುಗಳು ಇಲ್ಲಿದ್ದವು ಅಂತ ಕೆಲವರು, ದೇವರ ಸಮಾಧಿ ಅಂತ ಕೆಲವರು. ನಿಮ್ಮ ಗೈಡ್ ಯಾವ ಪಕ್ಷ ಅಂತ ಕೇಳಿ ನೋಡಿ. ಒಂದೇ ಉತ್ತರವನ್ನು ಖಂಡಿತ ಎಂಬಂತೆ ಹೇಳಿದರೆ ಸ್ವಲ್ಪ ಅನುಮಾನ ಇಟ್ಟುಕೊಳ್ಳಿ.

ಹಂತ 6: ಅಬಾಟೋನ್, ಇಲ್ಲಿ ಜಾಸ್ತಿ ಹೊತ್ತು ನಿಲ್ಲಿ

ಗುಡಿಯ ಉತ್ತರಕ್ಕೆ ಅಬಾಟೋನ್ ಎಂಬ ಉದ್ದನೆಯ ಕಂಬಸಾಲಿನ ಕಟ್ಟಡವಿದೆ, ಸುಮಾರು 70 ಮೀಟರ್. ನೆಲ ಇಳಿಜಾರಿರುವುದರಿಂದ ಪಶ್ಚಿಮದ ಭಾಗ ಎರಡು ಅಂತಸ್ತು. ಒಂದು ಭಾಗವನ್ನು ಎತ್ತಿ ನಿಲ್ಲಿಸಿರುವುದರಿಂದ ಕಟ್ಟಡ ಹೇಗಿತ್ತು ಅಂತ ಗೊತ್ತಾಗುತ್ತದೆ. ಇಡೀ ಕ್ಷೇತ್ರದ ಜೀವ ಇದ್ದದ್ದು ಇಲ್ಲಿ.

ಚಿಕಿತ್ಸೆ ಅಂದರೆ ನಿದ್ದೆ. ರೋಗಿ ಸ್ನಾನ ಮಾಡಿ, ಕಾಣಿಕೆ, ಬಲಿ ಕೊಟ್ಟು, ರಾತ್ರಿ ಇಲ್ಲಿ ನೆಲದ ಮೇಲೆ ಮಲಗಬೇಕು. ಕನಸಿನಲ್ಲಿ ದೇವರು ಬಂದು ಮುಟ್ಟುತ್ತಾನೆ, ಕೊಯ್ಯುತ್ತಾನೆ, ಔಷಧಿ ಹಚ್ಚುತ್ತಾನೆ ಅನ್ನುವ ನಂಬಿಕೆ. ಕೆಲವೊಮ್ಮೆ ಹಾವೋ ನಾಯಿಯೋ ಬಂದು ನೆಕ್ಕುತ್ತದೆ. ಬೆಳಿಗ್ಗೆ ಗುಣವಾಗಿ ಎದ್ದು ಹೋಗುವುದು, ಹರಕೆ ಒಪ್ಪಿಸುವುದು. ನಮ್ಮ ದೇವಸ್ಥಾನಗಳಲ್ಲಿ ಬೆಳ್ಳಿಯ ಕಣ್ಣು, ಕೈಕಾಲು ಒಪ್ಪಿಸುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಕಿವಿ ಗುಣವಾದ ಗ್ಯಾಲಸ್ ಎಂಬ ರೋಮನ್ ಒಬ್ಬ ಎರಡು ಕಿವಿ ಕೆತ್ತಿದ ಕಲ್ಲನ್ನೇ ಹರಕೆಯಾಗಿ ಕೊಟ್ಟಿದ್ದಾನೆ.

ಗುಣವಾದವರ ಕಥೆಗಳನ್ನು ದೊಡ್ಡ ಕಲ್ಲುಗಳ ಮೇಲೆ ಕೆತ್ತಿಸಿ ನಿಲ್ಲಿಸಿದ್ದರು. ಕ್ರಿ.ಶ. 2ನೇ ಶತಮಾನದಲ್ಲಿ ಪೌಸಾನಿಯಸ್ ಎಂಬ ಪ್ರವಾಸಿ ಬಂದಾಗ ಅಂಥ ಆರು ಕಲ್ಲು ನಿಂತಿದ್ದವು. ಈಗ ಸಿಕ್ಕಿರುವುದರಲ್ಲಿ ಸುಮಾರು 70 ಕಥೆಗಳಿವೆ. ಗೈಡ್ ಹತ್ತಿರ ಇವುಗಳಲ್ಲಿ ನಾಲ್ಕಾದರೂ ಹೇಳಿಸಿ. ಅಥೆನ್ಸ್‌ನ ಅಂಬ್ರೋಸಿಯಾಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ಬರೀ ಕನಸು ಕಂಡು ಕುಂಟರು, ಕುರುಡರು ಗುಣವಾಗುತ್ತಾರಾ ಅಂತ ಇಲ್ಲಿ ಓಡಾಡುತ್ತಾ ನಕ್ಕಳು. ಕನಸಿನಲ್ಲಿ ಬಂದ ದೇವರು, ಗುಣ ಮಾಡುತ್ತೇನೆ, ಆದರೆ ನಿನ್ನ ದಡ್ಡತನದ ನೆನಪಿಗೆ ಒಂದು ಬೆಳ್ಳಿ ಹಂದಿ ಕೊಡಬೇಕು ಅಂದ. ಥಾಸೋಸ್‌ನ ಹರ್ಮೋನ್‌ಗೆ ಕಣ್ಣು ಬಂತು, ಕಾಣಿಕೆ ಕೊಡದೆ ಹೋದ. ದೇವರು ಮತ್ತೆ ಕುರುಡು ಮಾಡಿದ. ವಾಪಸ್ ಬಂದು ಮಲಗಿದ ಮೇಲೆ ಮತ್ತೆ ಕಣ್ಣು ಕೊಟ್ಟ. ಇನ್ನೊಬ್ಬನಿಗೆ ಗಡ್ಡ ಸೊಂಪಾಗಿತ್ತು, ತಲೆಯಲ್ಲಿ ಒಂದು ಕೂದಲಿಲ್ಲ. ಜನ ನಗುತ್ತಾರೆ ಅಂತ ಬಂದವನ ತಲೆಗೆ ದೇವರು ಔಷಧಿ ಹಚ್ಚಿ ಕೂದಲು ಬರಿಸಿದ. ಕ್ಲಿಯೊ ಎಂಬವಳು ಐದು ವರ್ಷ ಬಸುರಿ. ಎಲ್ಲೆಯಿಂದ ಹೊರಗೆ ಹೋದ ಕೂಡಲೇ ಹೆತ್ತಳು. ಮಗು ತಾನೇ ಚಿಲುಮೆಯಲ್ಲಿ ಸ್ನಾನ ಮಾಡಿ ಅಮ್ಮನ ಜೊತೆ ನಡೆಯಿತಂತೆ!

ನಂಬುವುದು ಬಿಡುವುದು ಬೇರೆ ಮಾತು. ಈ ಕಲ್ಲುಗಳು ಜಾಹೀರಾತಿನ ಕೆಲಸ ಮಾಡಿದವು ಅಂತ ನನಗನ್ನಿಸುತ್ತದೆ. ರಾತ್ರಿ ಮಲಗುವ ಮೊದಲು ರೋಗಿ ಇವನ್ನೆಲ್ಲ ಓದಿ, ಓದಿಸಿಕೊಂಡು, ಮನಸ್ಸಿನಲ್ಲಿ ತುಂಬಿಕೊಂಡು ಮಲಗುತ್ತಿದ್ದ. ಕನಸು ಬರದೆ ಇದ್ದೀತೇ? ನಕ್ಕವಳ ಕಥೆ, ದುಡ್ಡು ಕೊಡದವನ ಕಥೆ ಸುಮ್ನೆ ಸೇರಿಸಿದ್ದಲ್ಲ. ನಂಬದವರಿಗೆ, ಬಾಕಿ ಉಳಿಸಿಕೊಂಡವರಿಗೆ ಅದು ಎಚ್ಚರಿಕೆ.

ಕಾಲ ಕಳೆದಂತೆ ಚಿಕಿತ್ಸೆಯೂ ಬದಲಾಯಿತು. ಕ್ರಿ.ಶ. 2ನೇ ಶತಮಾನದ ಅಪೆಲ್ಲಾಸ್ ಎಂಬ ರೋಗಿ ತನ್ನ ಅನುಭವವನ್ನು ಕಲ್ಲಿನ ಮೇಲೆ ಬರೆಸಿದ್ದಾನೆ. ದೇವರು ಅವನಿಗೆ ಕೊಯ್ದು ಹೊಲಿದು ಏನೂ ಮಾಡಲಿಲ್ಲ. ಬ್ರೆಡ್ಡು, ಚೀಸ್ ತಿನ್ನು, ಸೊಪ್ಪು ತಿನ್ನು, ಜೇನು ಹಾಕಿದ ಹಾಲು ಕುಡಿ, ಬರಿಗಾಲಲ್ಲಿ ನಡೆ, ಯಾರ ಸಹಾಯವೂ ಇಲ್ಲದೆ ಸ್ನಾನ ಮಾಡು, ಆದರೂ ಸ್ನಾನದ ಮನೆಯ ಆಳಿಗೆ ಒಂದು ದ್ರಾಕ್ಮಾ ಕೊಡು ಅಂದನಂತೆ. ಈಗಿನ ಯಾವ ಡಾಕ್ಟರಾದರೂ ಹೇಳುವಂಥದ್ದೇ. ಒಂದೇ ಸ್ಥಳದಲ್ಲಿ ಪವಾಡ ಪಥ್ಯವಾಗಿ ಬದಲಾಗಿದ್ದನ್ನು ನೋಡಬೇಕಿದ್ದರೆ ಎಪಿಡಾವ್ರೋಸ್ ಬಿಟ್ಟರೆ ಬೇರೆ ಜಾಗ ಕಷ್ಟ.

ಹಂತ 7: ಸ್ಟೇಡಿಯಂ, ಛತ್ರ, ಮ್ಯೂಸಿಯಂ

ಸ್ಟೇಡಿಯಂ ಬೇಗ ನೋಡಿ ಮುಗಿಸಬಹುದು. ಓಟದ ಅಂಕಣ 181 ಮೀಟರ್. ಓಟ ಶುರುವಾಗುವ ಕಲ್ಲಿನ ಸಾಲನ್ನು ಹುಡುಕಿ. ನಾಲ್ಕು ವರ್ಷಕ್ಕೊಮ್ಮೆ ಇಲ್ಲಿ ದೇವರ ಹೆಸರಿನಲ್ಲಿ ಪಂದ್ಯಗಳು ನಡೆಯುತ್ತಿದ್ದವು. ಮುಂದೆ ಕಟಗೋಗಿಯೋನ್, ಅಂದರೆ ಛತ್ರ: ನಾಲ್ಕು ಅಂಗಳ, 160 ಕೋಣೆ. ಗೋಡೆಯ ಬುಡ ಮಾತ್ರ ಉಳಿದಿದೆ, ಆದರೂ ಎಷ್ಟು ಜನ ಬರುತ್ತಿದ್ದರು ಅಂತ ಅಂದಾಜಾಗುತ್ತದೆ.

ಮ್ಯೂಸಿಯಂ ಚಿಕ್ಕದು, ಹಳೆಯ ಕಾಲದ ಥರ ಇದೆ. ಅರ್ಧ ಗಂಟೆ ಸಾಕು. ಬಿಳಿ ಪ್ರತಿಮೆಗಳನ್ನು ನೋಡಿ ಮರುಳಾಗಬೇಡಿ. ಹೆಚ್ಚಿನವು ಪ್ಲಾಸ್ಟರ್ ಅಚ್ಚು, ಅಸಲಿಗಳು ಅಥೆನ್ಸ್‌ನ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂನಲ್ಲಿವೆ. ಇಲ್ಲಿ ಬಿಡದೆ ನೋಡಬೇಕಾದದ್ದು ಮೂರು. ಒಂದು, ಕಥೆಗಳ ಕಲ್ಲುಗಳು. ಇಷ್ಟು ಹೊತ್ತು ಕೇಳಿದ ಅಂಬ್ರೋಸಿಯಾ, ಹರ್ಮೋನ್ ಈ ಅಕ್ಷರಗಳಲ್ಲೇ ಇದ್ದಾರೆ. ಎರಡು, ಕಂಚಿನ ವೈದ್ಯಕೀಯ ಸಲಕರಣೆಗಳು. ಬರೀ ಕನಸಿನ ಚಿಕಿತ್ಸೆಯಾಗಿದ್ದರೆ ಇವು ಯಾಕೆ ಬೇಕಿತ್ತು ಅಂತ ಗೈಡ್‌ನ ಕೇಳಿ. ಮೂರು, ಥೋಲೋಸ್‌ನ ಕೊರಿಂತಿಯನ್ ಕಂಬದ ತಲೆ. ಮಣ್ಣಿನಲ್ಲಿ ಹೂತಿಟ್ಟಿದ್ದ ಹಾಗೆ ಸಿಕ್ಕಿತು, ಎಲೆಗಳ ಕೆತ್ತನೆ ನಿನ್ನೆ ಮಾಡಿದ ಹಾಗಿದೆ. ಉಳಿದವನ್ನು ಕೆತ್ತಲು ಮಾದರಿಯಾಗಿ ಇದನ್ನು ಮಾಡಿದ್ದರು ಎಂಬ ಅಭಿಪ್ರಾಯವಿದೆ.

ಹಂತ 8: ಈಗ ರಂಗಮಂದಿರ

ಮೊದಲು ಕೆಳಗೆ, ದುಂಡನೆಯ ಅಂಗಳದ ಅಂಚಿನಲ್ಲಿ ನಿಲ್ಲಿ. ಇದೇ ಓರ್ಕೆಸ್ಟ್ರಾ, ಮೇಳದವರು ಹಾಡಿ ಕುಣಿಯುತ್ತಿದ್ದ ಜಾಗ. ಅಡ್ಡಳತೆ ಸುಮಾರು 20 ಮೀಟರ್. ರೋಮನ್ ಕಾಲದಲ್ಲಿ ಬೇರೆ ಎಷ್ಟೋ ರಂಗಮಂದಿರಗಳ ಅಂಗಳವನ್ನು ಕತ್ತರಿಸಿ ಅರ್ಧ ಮಾಡಿದರು. ಇಲ್ಲಿ ವೃತ್ತ ಪೂರ್ತಿ ಉಳಿದಿದೆ. ಇದರ ಬೆಲೆ ಇರುವುದೇ ಅಲ್ಲಿ. ಹಿಂದಿನ ರಂಗದ ಕಟ್ಟಡದ ಅಡಿಪಾಯ ಮಾತ್ರ ಕಾಣುತ್ತದೆ.

ಆಮೇಲೆ ಮೆಟ್ಟಿಲು ಹತ್ತಿ. ಕ್ರಿ.ಪೂ. 4ನೇ ಶತಮಾನದ ಕೊನೆಯಲ್ಲಿ ಮೊದಲು ಕಟ್ಟಿದ್ದು ಕೆಳಗಿನ 34 ಸಾಲು. ಮೇಲಿನ 21 ಸಾಲು ಆಮೇಲೆ ಸೇರಿಸಿದ್ದು ಅಂತ ಹೆಚ್ಚಿನವರ ಅಭಿಪ್ರಾಯ. ಒಟ್ಟು 55. ಹದಿಮೂರು ಸಾವಿರದಷ್ಟು ಜನ ಹಿಡಿಯುತ್ತಾರೆ. ನಡುವೆ ಅಗಲವಾದ ಓಡಾಟದ ದಾರಿ ಇದೆ. ಅದನ್ನು ದಾಟಿದ ಮೇಲೆ ಏರು ಜಾಸ್ತಿಯಾಗುವುದು ಮೊಣಕಾಲಿಗೇ ಗೊತ್ತಾಗುತ್ತದೆ. ಹಿರಿಯರು ಜೊತೆಗಿದ್ದರೆ ಆ ದಾರಿಯಲ್ಲೇ ಕೂರಿಸಿ, ಅಲ್ಲಿಂದ ನೋಟ ಏನೂ ಕಡಿಮೆ ಇಲ್ಲ. ಪೌಸಾನಿಯಸ್ ಪ್ರಕಾರ ಇದನ್ನೂ ಥೋಲೋಸ್‌ನ್ನೂ ಕಟ್ಟಿದವನು ಪೊಲಿಕ್ಲೀಟೋಸ್.

ಇನ್ನು ಶಬ್ದದ ವಿಷಯ. ಪಿನ್ನು ಬಿದ್ದರೂ ಕೊನೆಯ ಸಾಲಿಗೆ ಕೇಳುತ್ತದೆ ಅನ್ನುವ ಮಾತನ್ನು ನೂರು ಸಲ ಕೇಳುತ್ತೀರಿ. 2017ರಲ್ಲಿ ನೆದರ್ಲೆಂಡ್ಸ್‌ನ ಐಂಡ್ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದವರು ನೂರಾರು ಜಾಗಗಳಲ್ಲಿ ಅಳೆದು ನೋಡಿದರು. ನಾಣ್ಯ ಬಿದ್ದ ಶಬ್ದ ದೂರಕ್ಕೂ ಕಿವಿಗೆ ಬೀಳುತ್ತದೆ, ಆದರೆ ಅದು ನಾಣ್ಯ ಅಂತ ಗುರುತು ಸಿಗುವುದು ಅರ್ಧದವರೆಗೆ ಮಾತ್ರ. ಪಿಸುಮಾತು ಅರ್ಥವಾಗುವುದು ಮುಂದಿನ ಸಾಲಿನವರಿಗಷ್ಟೇ. ಗಟ್ಟಿ ದನಿಯಲ್ಲಿ ಆಡಿದ ಮಾತು ಮಾತ್ರ ಎಲ್ಲ ಕಡೆಗೂ ಹೋಗುತ್ತದೆ. ನಟನಿಗೆ ಬೇಕಾದ್ದೂ ಅದೇ ತಾನೆ? ಹಾಗಂತ ಇದು ಸಾಧಾರಣ ಜಾಗವಲ್ಲ. 2007ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್ ಸಂಶೋಧಕರು ಒಂದು ಕಾರಣ ಹೇಳಿದರು: ಮೆಟ್ಟಿಲುಮೆಟ್ಟಿಲಾದ ಕಲ್ಲಿನ ಸಾಲುಗಳು 500 ಹರ್ಟ್ಸ್‌ಗಿಂತ ಕೆಳಗಿನ ದಪ್ಪ ಶಬ್ದಗಳನ್ನು ತಗ್ಗಿಸುತ್ತವೆ. ಗಾಳಿ, ಜನರ ಗುಜುಗುಜು ಎಲ್ಲ ಆ ಭಾಗದಲ್ಲೇ ಬರುವುದು. ಅದು ತಗ್ಗಿದರೆ ಮಾತು ಸ್ಪಷ್ಟ.

ನೀವೇ ಪರೀಕ್ಷೆ ಮಾಡಿ. ಜೊತೆಯಲ್ಲಿರುವ ಒಬ್ಬರು ನಡುವಿನ ದುಂಡು ಕಲ್ಲಿನ ಮೇಲೆ ನಿಂತು ಸಾಧಾರಣ ದನಿಯಲ್ಲಿ ನಾಲ್ಕು ಸಾಲು ಹೇಳಲಿ. ನೀವು ಹತ್ತನೇ ಸಾಲು, ಮೂವತ್ತನೇ ಸಾಲು, ಕೊನೆಯ ಸಾಲಿನಲ್ಲಿ ಕೂತು ಕೇಳಿ. ಕಿರುಚುವುದು, ಹಾಡಿ ಕುಣಿಯುವುದು ಶುರು ಮಾಡಿದರೆ ಕಾವಲುಗಾರರು ತಡೆಯುತ್ತಾರೆ. ಬೇರೆಯವರ ಸರದಿಗೂ ಬಿಟ್ಟುಕೊಡಿ.

ಹಂತ 9: ರಾತ್ರಿ ನಾಟಕ ನೋಡುವುದಾದರೆ

1938ರಲ್ಲಿ ಇಲ್ಲಿ ಮತ್ತೆ ನಾಟಕ ಆಡಿದರು, 1950ರ ದಶಕದಿಂದ ಪ್ರತಿ ಬೇಸಿಗೆಯ ಉತ್ಸವ ನಡೆಯುತ್ತಿದೆ. ಒಪೆರಾ ಗಾಯಕಿ ಮರಿಯಾ ಕಲ್ಲಾಸ್ 1960 ಮತ್ತು 1961ರಲ್ಲಿ ಇಲ್ಲೇ ಹಾಡಿದ್ದು. ಸಾಮಾನ್ಯವಾಗಿ ಜುಲೈ, ಆಗಸ್ಟ್‌ನ ಶುಕ್ರವಾರ, ಶನಿವಾರ ರಾತ್ರಿ ಪ್ರದರ್ಶನ. ಹೆಚ್ಚಾಗಿ ಗ್ರೀಕ್ ಭಾಷೆ, ಇಂಗ್ಲಿಷ್ ಸಾಲುಗಳು ಪರದೆಯ ಮೇಲೆ ಬರುತ್ತವೆ. ಕಥೆ ಮೊದಲೇ ಓದಿಕೊಂಡು ಹೋಗಿ. ಕೂರಲು ಒಂದು ದಿಂಬು, ರಾತ್ರಿಯ ತಂಪಿಗೆ ಒಂದು ಶಾಲು ಇರಲಿ. ಹೈ ಹೀಲ್ಸ್ ಬೇಡ, ಕಲ್ಲಿಗೆ ಹಾನಿ ಅಂತ ಬಿಡುವುದಿಲ್ಲ. ತೀರಾ ಚಿಕ್ಕ ಮಕ್ಕಳನ್ನೂ ಬಿಡುವುದಿಲ್ಲ, ವಯಸ್ಸಿನ ನಿಯಮವನ್ನು ಟಿಕೆಟ್ ತೆಗೆಯುವಾಗಲೇ ನೋಡಿಕೊಳ್ಳಿ. ಈ ದಿನಗಳಲ್ಲಿ ಹಗಲು ಹೋದರೆ ಅಂಗಳದ ತುಂಬ ದೀಪ, ತಂತಿ, ರಂಗಸಜ್ಜು ಇರುತ್ತದೆ. ಬರೀ ಕಲ್ಲಿನ ರಂಗಮಂದಿರದ ಫೋಟೋ ಬೇಕಿದ್ದವರು ಬೇರೆ ತಿಂಗಳು ನೋಡಿಕೊಳ್ಳಿ.

ಹಂತ 10: ಊಟ, ವಾಪಸ್

ಊಟಕ್ಕೆ ಲಿಗೂರಿಯೊಗೆ ಹೋಗಿ. ಸಸ್ಯಾಹಾರಿಗಳಿಗೆ ತೊಂದರೆ ಇಲ್ಲ. ಜಿಗಾಂಟೆಸ್ ಅಂದರೆ ದೊಡ್ಡ ಅವರೆಯಂಥ ಕಾಳನ್ನು ಟೊಮೇಟೊ ಹಾಕಿ ಬೇಯಿಸಿದ್ದು. ಹೋರ್ತಾ ಅಂದರೆ ಬೇಯಿಸಿ ಎಣ್ಣೆ, ನಿಂಬೆ ಹಾಕಿದ ಸೊಪ್ಪು. ಫಾವಾ ಅಂದರೆ ರುಬ್ಬಿದ ಬೇಳೆ. ವ್ರತದ ಊಟ ಅನ್ನುವ ಅರ್ಥದಲ್ಲಿ "ನಿಸ್ತೀಸಿಮೊ" ಅಂತ ಕೇಳಿದರೆ ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಆದರೆ ಅವರ ವ್ರತದಲ್ಲಿ ಸಿಗಡಿ, ಆಕ್ಟೋಪಸ್ ನಡೆಯುತ್ತದೆ! ಅದೂ ಬೇಡ ಅಂತ ಬೇರೆಯಾಗಿ ಹೇಳಿ.

ಬಸ್ಸಿನಲ್ಲಿ ಬಂದವರು ಇಳಿದ ಕೂಡಲೇ ವಾಪಸ್ ಬಸ್ಸಿನ ಸಮಯ ಡ್ರೈವರ್ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಿ. ಭಾನುವಾರ ಮತ್ತು ಚಳಿಗಾಲದಲ್ಲಿ ಬಸ್ಸು ಇನ್ನೂ ಕಡಿಮೆ. ಕೊನೆಯದು ತಪ್ಪಿದರೆ ಟಿಕೆಟ್ ಕೌಂಟರ್‌ನವರ ಹತ್ತಿರ ಲಿಗೂರಿಯೊದಿಂದ ಟ್ಯಾಕ್ಸಿ ಕರೆಸಿಕೊಡಿ ಅಂತ ಕೇಳಿ.